ಕಲ್ಯಾಣದ 610 ಮತ್ತು ಒಂಬೈನೂರು ಕೋಟಿ ವರ್ಷ ಹಿಂದಿನ ಹೈಡ್ರೋಜನ್

ನಮ್ಮ ದೇಶದ ರೇಡಿಯೊ ದೂರದರ್ಶಕ ಎಲ್ಲಿದೆ ಎಂದರೆ ವಿಜ್ಞಾನ ಓದಿದವರು ಊಟಿ ಎನ್ನುತ್ತಾರೆ. ಪುಣೆಯ ಕಡೆಯವರು ಖೋಡದ್ ಎನ್ನುತ್ತಾರೆ. ಎರಡೂ ಸರಿ. ಆದರೆ ಹಲವು ತಟ್ಟೆಗಳನ್ನು ಸಾಲಾಗಿ ನಿಲ್ಲಿಸಿ, ಅವೆಲ್ಲವನ್ನೂ ಒಂದೇ ಕಣ್ಣಾಗಿ ದುಡಿಸುವ ಕೆಲಸ ಮೊದಲು ನಡೆದದ್ದು ಮುಂಬೈ ಬಳಿಯ ಕಲ್ಯಾಣದಲ್ಲಿ ಎಂಬುದು ಕಲ್ಯಾಣದವರಿಗೇ ಗೊತ್ತಿಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ್ ಸ್ವರೂಪ್ ಮತ್ತು ಅವರ ಕಿರಿಯ ಸಂಗಡಿಗರು ಇಲ್ಲಿ ಆರಾರು ಅಡಿ ಅಗಲದ 32 ತಟ್ಟೆಗಳನ್ನು ನೆಟ್ಟರು. ಪೂರ್ವ-ಪಶ್ಚಿಮವಾಗಿ 630 ಮೀಟರ್ ಉದ್ದಕ್ಕೆ 24, ಉತ್ತರ-ದಕ್ಷಿಣವಾಗಿ 256 ಮೀಟರ್ ಉದ್ದಕ್ಕೆ 8. ಅವು 1968ರ ತನಕ ಸೂರ್ಯನನ್ನು ನೋಡಿದವು. ನೋಡಿದ್ದು ಸುಮಾರು 610 ಮೆಗಾಹರ್ಟ್ಸ್ ಆವರ್ತನದಲ್ಲಿ, ಎಂದರೆ 49 ಸೆಂಟಿಮೀಟರ್ ತರಂಗದಲ್ಲಿ. ಸೂರ್ಯನ ಹೊರಗಿನ ಕರೋನಾ ಎಷ್ಟು ಲಕ್ಷ ಡಿಗ್ರಿ ಬಿಸಿ ಎಂದು ಅಳೆದ ಆ ಪ್ರಬಂಧ 1966ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ತಟ್ಟೆಗಳ ಪೂರ್ವಾಶ್ರಮ ಇನ್ನೂ ಸ್ವಾರಸ್ಯದ್ದು. ಅವು ಹುಟ್ಟಿದ್ದು ಆಸ್ಟ್ರೇಲಿಯಾದ ಸಿಡ್ನಿ ಬಳಿಯ ಪಾಟ್ಸ್ ಹಿಲ್‌ನಲ್ಲಿ. ಕ್ರಿಸ್ಟಿಯಾನ್ಸೆನ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಸೂರ್ಯನನ್ನು ನೋಡಲೆಂದು ಅವನ್ನು ಕಟ್ಟಿದ್ದರು. ಕೊಲಂಬೊ ಯೋಜನೆಯಡಿ ತರಬೇತಿಗೆ ಹೋಗಿದ್ದ ಸ್ವರೂಪ್ ಆ ತಟ್ಟೆಗಳಲ್ಲೇ ಪಳಗಿದರು. ಅಲ್ಲಿಯವರಿಗೆ ಅವು ಬೇಡವಾದಾಗ ‘ನಮಗೆ ಕೊಡಿ’ ಎಂದು ಕೇಳಿದರು. ಆಸ್ಟ್ರೇಲಿಯಾ ಸರ್ಕಾರದ ಸಂಶೋಧನಾ ಸಂಸ್ಥೆ ದಾನವಾಗಿಯೇ ಕೊಟ್ಟಿತು. ಹಡಗಿನ ಬಾಡಿಗೆ ಕೊಡುವುದು ಯಾರು ಎಂಬ ತಕರಾರಿನಲ್ಲಿ ವರ್ಷಗಳು ಉರುಳಿದವು. ಕಾದು ಕಾದು ಸ್ವರೂಪ್ ಅಮೆರಿಕಕ್ಕೆ ಹೋಗಿ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮುಗಿಸಿದರು. ಹೋಮಿ ಭಾಭಾ ಕರೆದ ಮೇಲೆ 1963ರಲ್ಲಿ ಮುಂಬೈಗೆ ಬಂದರು. ಅಷ್ಟರಲ್ಲಿ ತಟ್ಟೆಗಳೂ ದೆಹಲಿಗೆ ಬಂದು ಸುಮ್ಮನೆ ಬಿದ್ದಿದ್ದವು. ಅವನ್ನು ಕಲ್ಯಾಣಕ್ಕೆ ತರಿಸಿಕೊಂಡರು.

ಸಿಡ್ನಿಯಲ್ಲಿ ಆ ತಟ್ಟೆಗಳು ಮೊದಲು ಕೆಲಸ ಮಾಡಿದ್ದು 1420 ಮೆಗಾಹರ್ಟ್ಸ್‌ನಲ್ಲಿ. ಕಲ್ಯಾಣದಲ್ಲಿ 610. ಕಾರಣ ಏನೇ ಇರಲಿ, ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಿಟ್ಟು ನೋಡಿದರೆ ಖಗೋಳಶಾಸ್ತ್ರಿಗಳ ಮುಖದಲ್ಲಿ ನಗು ಮೂಡುತ್ತದೆ. ಹೈಡ್ರೋಜನ್ ಪರಮಾಣು ಹೊರಡಿಸುವ ಒಂದು ರೇಡಿಯೊ ಅಲೆಯ ಆವರ್ತನ 1420.4 ಮೆಗಾಹರ್ಟ್ಸ್. ಅದೇ ಅಲೆ ಸುಮಾರು ಒಂಬೈನೂರು ಕೋಟಿ ವರ್ಷ ಪ್ರಯಾಣ ಮಾಡಿ ನಮ್ಮನ್ನು ಮುಟ್ಟುವಾಗ 610ರ ಆಸುಪಾಸಿಗೆ ಇಳಿದಿರುತ್ತದೆ. ಬಹು ದೂರದ, ಬಹು ಹಳೆಯ ಗೆಲಾಕ್ಸಿಗಳ ಅಧ್ಯಯನವೆಲ್ಲ ನಿಂತಿರುವುದು ಈ ‘ಇಳಿಯುವಿಕೆ’ಯ ಮೇಲೆ.

ಮೊದಲು ಗೆರೆಯ ವಿಷಯ. ಠಾಣೆ-ಬೇಲಾಪುರ ರಸ್ತೆಯಲ್ಲಿ ಎಲ್‌ಇಡಿ ಬರುವ ಮುಂಚೆ ಉರಿಯುತ್ತಿದ್ದ ಹಳದಿ ಸೋಡಿಯಂ ದೀಪಗಳನ್ನು ನೆನಪಿಸಿಕೊಳ್ಳಿ. ಆ ಹಳದಿಗೆ ಕಾರಣ ಸೋಡಿಯಂ ಪರಮಾಣು. ಅದರೊಳಗಿನ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿನಿಂದ ಕೆಳಗಿಳಿಯುವಾಗ 589 ನ್ಯಾನೊಮೀಟರಿನ ಬೆಳಕನ್ನು ಬಿಡುತ್ತದೆ. ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಪಟ್ಟಿಯಲ್ಲಿ ಆ ಜಾಗದಲ್ಲಿ ಒಂದು ಹೊಳೆಯುವ ಗೆರೆ ಕಾಣುತ್ತದೆ. ಇದೇ ಉತ್ಸರ್ಜನ ರೇಖೆ. ಪ್ರತಿ ಧಾತುವಿನ ಮೆಟ್ಟಿಲುಗಳ ಎತ್ತರ ಬೇರೆ, ಹಾಗಾಗಿ ಗೆರೆಗಳ ಜಾಗವೂ ಬೇರೆ. ಹೈಡ್ರೋಜನ್ನಿನ ಒಂದು ಕೆಂಪು ಗೆರೆ 656.3 ನ್ಯಾನೊಮೀಟರಿನಲ್ಲಿ, ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕದ ಹಸಿರು ಗೆರೆ 500.7ರಲ್ಲಿ. ಠಾಣೆಯ ಪ್ರಯೋಗಶಾಲೆಯಲ್ಲೂ ಅಷ್ಟೇ, ವಿಶ್ವದ ಇನ್ನೊಂದು ಮೂಲೆಯಲ್ಲೂ ಅಷ್ಟೇ.

ಆ ಹಸಿರು ಗೆರೆಯದೊಂದು ಕಥೆಯಿದೆ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಒಂದು ನೀಹಾರಿಕೆಯ ಬೆಳಕಿನಲ್ಲಿ ಅದನ್ನು ಕಂಡಾಗ ಭೂಮಿಯ ಮೇಲಿನ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೊಸ ಧಾತುವೇ ಸಿಕ್ಕಿತೆಂದು ‘ನೆಬ್ಯುಲಿಯಂ’ ಎಂಬ ಹೆಸರೂ ಚಾಲ್ತಿಗೆ ಬಂತು. ಅರವತ್ತು ವರ್ಷ ಅದು ನಡೆಯಿತು. 1927ರಲ್ಲಿ ಐರಾ ಬೋವೆನ್ ಲೆಕ್ಕ ಹಾಕಿ, ಅದು ನಾವು ಉಸಿರಾಡುವ ಆಮ್ಲಜನಕವೇ ಎಂದು ತೋರಿಸಿದರು. ಎರಡು ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕ ಈ ಗೆರೆ ಬಿಡಬೇಕಾದರೆ ಬಹಳ ಹೊತ್ತು ಯಾವ ಕಣವೂ ಅದಕ್ಕೆ ಡಿಕ್ಕಿ ಹೊಡೆಯಬಾರದು. ಅಷ್ಟು ವಿರಳವಾದ ಅನಿಲ ನಮ್ಮ ಪ್ರಯೋಗಶಾಲೆಗಳಲ್ಲಿ ಇರಲಿಲ್ಲ, ನೀಹಾರಿಕೆಗಳಲ್ಲಿ ಧಾರಾಳ. ಇಂದು ಅತಿ ದೂರದ ಗೆಲಾಕ್ಸಿಗಳಲ್ಲಿ ಹಿಡಿಯುವ ಮುಖ್ಯ ಗೆರೆಗಳಲ್ಲಿ ಇದೂ ಒಂದು.

ಹೈಡ್ರೋಜನ್ನಿನ 1420 ಮೆಗಾಹರ್ಟ್ಸ್ ಗೆರೆ ಇದಕ್ಕಿಂತಲೂ ಸೋಮಾರಿ. ಅದಕ್ಕೆ ಎಲೆಕ್ಟ್ರಾನು ಮೆಟ್ಟಿಲು ಇಳಿಯಬೇಕಾಗಿಲ್ಲ, ತನ್ನ ಗಿರಕಿಯ ದಿಕ್ಕನ್ನು ಮಗುಚಿದರೆ ಸಾಕು. ಒಂಟಿಯಾಗಿ ಬಿಟ್ಟ ಪರಮಾಣುವಿನಲ್ಲಿ ಅದು ನಡೆಯುವುದು ಸರಾಸರಿ ಒಂದು ಕೋಟಿ ವರ್ಷಕ್ಕೊಮ್ಮೆ. ಆದರೂ ನಮಗೆ ಕೇಳಿಸುವುದು ಹೈಡ್ರೋಜನ್ನಿನ ಲೆಕ್ಕವಿಲ್ಲದ ಸಂಖ್ಯೆಯಿಂದ. ಹಾಲೆಂಡಿನ ವಾನ್ ಡ ಹುಲ್ಸ್ಟ್ 1944ರಲ್ಲಿ ಇದನ್ನು ಊಹಿಸಿದರು. 1951ರಲ್ಲಿ ಹಾರ್ವರ್ಡ್‌ನಲ್ಲಿ ಎವೆನ್ ಮತ್ತು ಪರ್ಸೆಲ್ ಹಿಡಿದರು. ಸುದ್ದಿ ತಿಳಿದು ಕೆಲವೇ ವಾರಗಳಲ್ಲಿ ತುರ್ತಾಗಿ ಉಪಕರಣ ಜೋಡಿಸಿ ಅದನ್ನು ಖಚಿತಪಡಿಸಿದವರಲ್ಲಿ ಕಲ್ಯಾಣದ ತಟ್ಟೆಗಳ ಮೂಲ ಯಜಮಾನ ಕ್ರಿಸ್ಟಿಯಾನ್ಸೆನ್ ಒಬ್ಬರು. ಅದೂ ಅದೇ ಪಾಟ್ಸ್ ಹಿಲ್‌ನಲ್ಲಿ.

ಇನ್ನು ಇಳಿಯುವಿಕೆ. ವಿಶ್ವ ಹಿಗ್ಗುತ್ತಿದೆ. ಬೆಳಕು ದಾರಿಯಲ್ಲಿರುವಾಗ ಆಕಾಶವೇ ಹಿಗ್ಗುವುದರಿಂದ ಅಲೆಯೂ ಹಿಗ್ಗುತ್ತದೆ. ಉದ್ದವಾದ ಅಲೆ ಎಂದರೆ ಕಡಿಮೆ ಆವರ್ತನ. ಇದಕ್ಕೆ ಕೆಂಪುಪಲ್ಲಟ ಎಂದು ಹೆಸರು. ಹೊರಟಾಗಿನ ಆವರ್ತನವನ್ನು ಬಂದಾಗಿನ ಆವರ್ತನದಿಂದ ಭಾಗಿಸಿ ಒಂದನ್ನು ಕಳೆದರೆ ಕೆಂಪುಪಲ್ಲಟದ ಅಂಕಿ ಸಿಗುತ್ತದೆ. 1420.4ನ್ನು 610ರಿಂದ ಭಾಗಿಸಿದರೆ 2.33. ಒಂದು ಕಳೆದರೆ 1.33. ಆ ಅಂಕಿ ಗೊತ್ತಾದರೆ ಬೆಳಕು ಎಷ್ಟು ಕಾಲ ನಡೆದು ಬಂತು ಎಂಬುದು ಗೊತ್ತಾದಂತೆಯೇ. ಗೆರೆ ಯಾವ ಧಾತುವಿನದು ಎಂದು ತಿಳಿಯುವುದೊಂದೇ ಷರತ್ತು. ಎಸ್‌ಎಸ್‌ಎಲ್‌ಸಿ ಮಕ್ಕಳಿಗೂ ಬರುವ ಲೆಕ್ಕ ಇದು. ಕಷ್ಟ ಇರುವುದು ಲೆಕ್ಕದಲ್ಲಲ್ಲ, ಗೆರೆಯನ್ನು ಕಾಣುವುದರಲ್ಲಿ.

ಕಲ್ಯಾಣದಿಂದ ಮುರಬಾಡ್, ಮಾಳಶೇಜ್ ಘಾಟು ದಾಟಿ ಆಳೆಫಾಟಾ ತಲುಪಿ ಪುಣೆ-ನಾಸಿಕ್ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿದರೆ ನಾರಾಯಣಗಾಂವ್. ಅದರ ಹತ್ತಿರದ ಹಳ್ಳಿ ಖೋಡದ್. ಅಲ್ಲಿ ಸ್ವರೂಪ್ ತಮ್ಮ ಮೂರನೆಯ ದೂರದರ್ಶಕವನ್ನು ಕಟ್ಟಿಸಿದರು. ಎರಡನೆಯದು 1970ರ ಊಟಿಯದು. ಜಿಎಂಆರ್‌ಟಿ ಎಂಬ ಖೋಡದಿನ ಈ ದೂರದರ್ಶಕದಲ್ಲಿ 45 ಮೀಟರ್ ಅಗಲದ 30 ತಟ್ಟೆಗಳಿವೆ, ಹದಿನಾಲ್ಕು ನಡುವೆ ಒತ್ತಾಗಿ, ಉಳಿದವು ಸುಮಾರು 25 ಕಿಲೋಮೀಟರ್ ಹರವಿನಲ್ಲಿ. ತಗಡಿನ ಬದಲು ತೆಳ್ಳನೆಯ ತಂತಿಯ ಬಲೆಯನ್ನು ಹಗ್ಗದಂತೆ ಬಿಗಿದು ಕಟ್ಟಿದ್ದರಿಂದ ಖರ್ಚು ಹಿಡಿತದಲ್ಲಿ ಉಳಿಯಿತು. ಗಾಳಿಯೂ ಬಲೆಯೊಳಗೆ ಹಾದುಹೋಗುತ್ತದೆ. 1980ರ ದಶಕದಲ್ಲಿ ಇದನ್ನು ಯೋಜಿಸುವಾಗ ಮುಂದಿಟ್ಟ ದೊಡ್ಡ ಗುರಿಗಳಲ್ಲಿ ಒಂದು, ಗೆಲಾಕ್ಸಿಗಳು ಮೈದಳೆಯುವ ಮುನ್ನಿನ ಹೈಡ್ರೋಜನ್ ರಾಶಿಗಳ ಈ ಗೆರೆಯನ್ನು ಹಿಡಿಯುವುದು. ಆ ರಾಶಿಗಳು ಅಂದುಕೊಂಡಂತೆ ಸಿಗಲಿಲ್ಲ. ಆದರೆ ಗುರಿಯ ಒಂದು ಭಾಗ ತಡವಾಗಿಯಾದರೂ ಕೈಗೂಡಿತು.

ಅದು 2020ರಲ್ಲಿ. ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ಆದಿತ್ಯ ಚೌಧುರಿ, ನಿಸ್ಸಿಮ್ ಕಾನೇಕರ್, ಜಯರಾಂ ಚೆಂಗಲೂರ್, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಥಿ ಮತ್ತು ಕೆ. ಎಸ್. ದ್ವಾರಕಾನಾಥ್ ಒಟ್ಟು 7,653 ಗೆಲಾಕ್ಸಿಗಳತ್ತ ಜಿಎಂಆರ್‌ಟಿಯನ್ನು ತಿರುಗಿಸಿದರು. ಇವುಗಳ ಕೆಂಪುಪಲ್ಲಟ 0.74ರಿಂದ 1.45, ಎಂದರೆ ಸರಾಸರಿ ಎಂಟುನೂರು ಕೋಟಿ ವರ್ಷ ಹಿಂದಿನ ಕಾಲ. ಒಂದೊಂದರ ಹೈಡ್ರೋಜನ್ ಗೆರೆಯೂ ಗದ್ದಲದಲ್ಲಿ ಹೂತುಹೋಗುವಷ್ಟು ಕ್ಷೀಣ. ಬೆಳಗಿನ ಡೊಂಬಿವಲಿ ಲೋಕಲಿನಲ್ಲಿ ಭಜನಾ ಮಂಡಳಿಯ ಒಬ್ಬೊಬ್ಬರೂ ತಮ್ಮದೇ ಶ್ರುತಿಯಲ್ಲಿ ಗುನುಗಿದರೆ ಗಾಲಿಯ ಸದ್ದಿನಲ್ಲಿ ಏನೂ ಕೇಳದು. ಎಲ್ಲರನ್ನೂ ಒಂದೇ ಶ್ರುತಿಗೆ ತಂದರೆ ಅಭಂಗ ಕೇಳಿಸುತ್ತದೆ. ಇಲ್ಲಿ ಮಾಡಿದ್ದೂ ಅದನ್ನೇ. ಪ್ರತಿ ಗೆಲಾಕ್ಸಿಯ ರೇಡಿಯೊ ದತ್ತಾಂಶವನ್ನು ಅದರದರ ಕೆಂಪುಪಲ್ಲಟಕ್ಕೆ ತಕ್ಕಂತೆ ಮತ್ತೆ 1420.4ಕ್ಕೆ ಎಳೆದು ಕೂಡಿಸಿದರು. ಗದ್ದಲ ಒಂದಕ್ಕೊಂದು ವಜಾ ಆಯಿತು, ಗೆರೆ ಎದ್ದು ನಿಂತಿತು.

ಪ್ರತಿಯೊಂದರ ಶ್ರುತಿ ಮೊದಲೇ ಗೊತ್ತಾದದ್ದು ಹೇಗೆ? ಹವಾಯಿಯ ಕೆಕ್ ದೂರದರ್ಶಕ ಈ ಗೆಲಾಕ್ಸಿಗಳ ಬೆಳಕಿನಲ್ಲಿ ಆಮ್ಲಜನಕದ ಅವಳಿ ಗೆರೆಗಳನ್ನು ಗುರುತಿಸಿ ಕೆಂಪುಪಲ್ಲಟ ಬರೆದಿಟ್ಟಿತ್ತು. ಆಮ್ಲಜನಕದ ಗೆರೆ ವಿಳಾಸ ಕೊಟ್ಟಿತು, ಹೈಡ್ರೋಜನ್ನಿನ ಗೆರೆ ಮನೆಯೊಳಗಿನ ದಾಸ್ತಾನು ಎಷ್ಟೆಂದು ಹೇಳಿತು.

ಆ ದಾಸ್ತಾನಿನ ವಿಷಯವೇ ಮುಖ್ಯ. ನಕ್ಷತ್ರಗಳು ಹುಟ್ಟುವುದು ಹೈಡ್ರೋಜನ್ನಿನಿಂದ. ವಿಶ್ವದಲ್ಲಿ ನಕ್ಷತ್ರಗಳು ಅತಿ ಹೆಚ್ಚು ಹುಟ್ಟಿದ್ದು ಸುಮಾರು ಎಂಟುನೂರರಿಂದ ಸಾವಿರ ಕೋಟಿ ವರ್ಷ ಹಿಂದೆ. ಆಮೇಲೆ ಹುಟ್ಟು ಹತ್ತರಲ್ಲೊಂದು ಪಾಲಿಗೆ ಬಿತ್ತು. ಯಾಕೆ ಎಂಬುದು ಬಹುಕಾಲದ ಪ್ರಶ್ನೆ. ಈ ಅಳತೆಯ ಪ್ರಕಾರ ಆ ಕಾಲದ ಗೆಲಾಕ್ಸಿಗಳು ತಮ್ಮ ನಕ್ಷತ್ರಗಳ ತೂಕಕ್ಕಿಂತಲೂ ಹೆಚ್ಚು ತೂಕದ ಹೈಡ್ರೋಜನ್ ಇಟ್ಟುಕೊಂಡಿದ್ದವು. ಆದರೆ ಖರ್ಚಿನ ವೇಗ ಎಷ್ಟಿತ್ತೆಂದರೆ ಅದು ನೂರಿನ್ನೂರು ಕೋಟಿ ವರ್ಷಕ್ಕೆ ಮುಗಿಯುವಷ್ಟೇ. ಹೊರಗಿನಿಂದ ಹೊಸ ಅನಿಲ ಸಾಕಷ್ಟು ಬಂದು ಬೀಳದಿದ್ದರೆ ಒಲೆ ತಣ್ಣಗಾಗಲೇಬೇಕು. ಈ ಪ್ರಬಂಧ ‘ನೇಚರ್’ನಲ್ಲಿ ಬಂದದ್ದು 2020ರ ಅಕ್ಟೋಬರ್ 14ರಂದು. ಸ್ವರೂಪ್ ತೀರಿಕೊಂಡದ್ದು ಅದೇ ವರ್ಷದ ಸೆಪ್ಟೆಂಬರ್ 7ರಂದು.

ಒಂದೇ ಒಂದು ಗೆಲಾಕ್ಸಿಯ ಗೆರೆಯನ್ನು ಅಷ್ಟು ದೂರದಿಂದ ಹಿಡಿಯಲು ಬೇರೆಯೇ ಉಪಾಯ ಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ನಬ್ ಚಕ್ರವರ್ತಿ ಇದನ್ನು ಸಾಧಿಸಿದರು. 2023ರ ಜನವರಿಯಲ್ಲಿ ಇದು ಸುದ್ದಿಯಾಯಿತು. ಅವರು ಆರಿಸಿಕೊಂಡ ಗೆಲಾಕ್ಸಿಗೂ ನಮಗೂ ನಡುವೆ ಇನ್ನೊಂದು ಗೆಲಾಕ್ಸಿ ಇದೆ. ಅದರ ಗುರುತ್ವ ಹಿಂದಿನ ಅಲೆಗಳನ್ನು ಬಾಗಿಸಿ ಸುಮಾರು 30 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಐನ್‌ಸ್ಟೈನ್ ಹೇಳಿದ ಗುರುತ್ವ ಮಸೂರ ಇದೇ. ಜಿಎಂಆರ್‌ಟಿಗೆ ಗೆರೆ ಸಿಕ್ಕ ಆವರ್ತನ ಸುಮಾರು 620 ಮೆಗಾಹರ್ಟ್ಸ್. ಲೆಕ್ಕ ಹಾಕಿ: ಕೆಂಪುಪಲ್ಲಟ 1.29, ಕಾಲ 880 ಕೋಟಿ ವರ್ಷ ಹಿಂದೆ. ವಿಶ್ವಕ್ಕೆ ಆಗ 500 ಕೋಟಿ ವರ್ಷವೂ ತುಂಬಿರಲಿಲ್ಲ. ಆ ಗೆಲಾಕ್ಸಿಯ ಹೈಡ್ರೋಜನ್ ಅದರ ನಕ್ಷತ್ರಗಳ ಸುಮಾರು ಎರಡರಷ್ಟು ತೂಗುತ್ತಿತ್ತು. ಕಲ್ಯಾಣದ ತಟ್ಟೆಗಳು ಸೂರ್ಯನನ್ನು ಕೇಳುತ್ತಿದ್ದ ಆವರ್ತನಕ್ಕೆ ಇದು ಹತ್ತೇ ಮೆಗಾಹರ್ಟ್ಸ್ ದೂರ. ಆರಡಿಯ ಆ ತಟ್ಟೆಗಳ ಮೇಲೂ ಇಂಥ ಅಲೆಗಳು ಬೀಳುತ್ತಿದ್ದವು, ಹಿಡಿಯುವ ಶಕ್ತಿ ಇರಲಿಲ್ಲ ಅಷ್ಟೇ.

ಇದಕ್ಕಿಂತ ಹಿಂದಿನ ಗೆಲಾಕ್ಸಿಗಳು ಬೇಕೆಂದರೆ ಬಾಹ್ಯಾಕಾಶ ದೂರದರ್ಶಕ ಜೇಮ್ಸ್ ವೆಬ್‌ನತ್ತ ನೋಡಬೇಕು. ಅಲ್ಲಿ ಕೆಂಪುಪಲ್ಲಟ 10, 12, 14ಕ್ಕೆ ಹೋಗುತ್ತದೆ. ಆಮ್ಲಜನಕದ ಹಸಿರು ಗೆರೆ ಹಿಗ್ಗಿ ಅವಕೆಂಪಿಗೆ ಬಂದಿರುತ್ತದೆ, ವೆಬ್ ಹುಡುಕುವ ಗೆರೆಗಳಲ್ಲಿ ಅದೂ ಒಂದು. ಪತ್ರಿಕೆಗಳಲ್ಲಿ ‘ಅತಿ ದೂರದ ಗೆಲಾಕ್ಸಿ ಪತ್ತೆ’ ಎಂಬ ಶೀರ್ಷಿಕೆ ಬಂದಾಗಲೆಲ್ಲ ಓದುಗರು ಒಂದು ಪ್ರಶ್ನೆ ಕೇಳಬೇಕು: ಗೆರೆ ನೋಡಿದ್ದಾರೋ, ಬರೀ ಬಣ್ಣ ನೋಡಿದ್ದಾರೋ? ಸೋಸುಕಗಳ ಮೂಲಕ ಚಿತ್ರ ತೆಗೆದು ಬಣ್ಣದಿಂದ ದೂರವನ್ನು ಅಂದಾಜಿಸುವ ಕ್ರಮವೊಂದಿದೆ. ಅದು ಬೇಗ ಆಗುತ್ತದೆ, ಕೆಲವೊಮ್ಮೆ ಕೈಕೊಡುತ್ತದೆ.

ಸೀಯರ್ಸ್-93316 ಎಂಬ ಗೆಲಾಕ್ಸಿಗೆ ಹಾಗೆಯೇ ಆಯಿತು. 2022ರಲ್ಲಿ ಅದರ ಕೆಂಪುಪಲ್ಲಟ 16 ಎಂದು ಸುದ್ದಿಯಾಯಿತು, ಅಂದರೆ ವಿಶ್ವ ಹುಟ್ಟಿ ಸುಮಾರು 25 ಕೋಟಿ ವರ್ಷದ ಹೊತ್ತಿಗೆ ಅದು ಬೆಳಗುತ್ತಿತ್ತು. ಮರುವರ್ಷ ವೆಬ್‌ನ ರೋಹಿತದರ್ಶಕ ಅದರ ಗೆರೆಗಳನ್ನು ಬಿಡಿಸಿತು. ಅಂಕಿ 4.9! ಹೈಡ್ರೋಜನ್ ಮತ್ತು ಆಮ್ಲಜನಕದ ಗೆರೆಗಳು ಕೆಲವು ಸೋಸುಕಗಳ ಸರಿ ನಡುವೆ ಬಂದು ಕೂತು ಅವನ್ನು ಬೆಳಗಿಸಿದ್ದವು, ಅದರಿಂದ ಬಣ್ಣವೇ ಸುಳ್ಳು ಹೇಳಿತ್ತು. ಸುಳ್ಳಿಗೆ ಕಾರಣವಾದ ಗೆರೆಗಳೇ ಕೊನೆಗೆ ನಿಜ ಹೇಳಿದವು. ಅದೇ ಅಧ್ಯಯನದಲ್ಲಿ ‘ಮೈಸಿಯ ಗೆಲಾಕ್ಸಿ’ ಎಂಬ ಇನ್ನೊಂದರ ದೂರ, 11.4, ಗಟ್ಟಿಯಾಗಿ ನಿಂತಿತು. ವಿಜ್ಞಾನದ ಬಗ್ಗೆ ನನಗೆ ಗೌರವ ಹೆಚ್ಚುವುದು ದಾಖಲೆ ಮುರಿದಾಗಲ್ಲ, ಹೀಗೆ ಒಂದು ವರ್ಷದೊಳಗೆ ದಾಖಲೆಯನ್ನು ತಾನೇ ವಾಪಸ್ ಪಡೆದಾಗ.

ಇನ್ನೊಂದು ಉದಾಹರಣೆ ಇದಕ್ಕೆ ವಿರುದ್ಧ ಬಗೆಯದು. 2024ರಲ್ಲಿ ವೆಬ್ ಕಂಡ ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿಯ ಅಂಕಿ 14.32 ಎಂದು ಅಂದಾಜಾಗಿತ್ತು. 2025ರಲ್ಲಿ ಚಿಲಿ ದೇಶದ ಅಲ್ಮಾ ದೂರದರ್ಶಕ ಅದರ ಆಮ್ಲಜನಕದ ಇನ್ನೊಂದು ಗೆರೆಯನ್ನು ಹಿಡಿಯಿತು. 88 ಮೈಕ್ರಾನಿನಲ್ಲಿ ಹೊರಟ ಆ ಅಲೆ ನಮಗೆ ಬರುವಾಗ 1.34 ಮಿಲಿಮೀಟರ್ ಆಗಿತ್ತು. ಅಂಕಿ 14.18 ಎಂದು ಬಿಗಿಯಾಯಿತು. ವಿಶ್ವ ಹುಟ್ಟಿ 30 ಕೋಟಿ ವರ್ಷವಷ್ಟೇ ಆಗಿದ್ದ ಕಾಲವದು. ಮಹಾಸ್ಫೋಟದಲ್ಲಿ ಆಮ್ಲಜನಕ ಹುಟ್ಟಲಿಲ್ಲ, ಅದನ್ನು ಬೇಯಿಸುವುದು ನಕ್ಷತ್ರಗಳ ಹೊಟ್ಟೆ. ಹಾಗಾದರೆ ಅಷ್ಟರಲ್ಲೇ ಒಂದು ತಲೆಮಾರಿನ ನಕ್ಷತ್ರಗಳು ಹುಟ್ಟಿ, ಬಾಳಿ, ಸಿಡಿದು ಆಗಿತ್ತು. ಅಲ್ಲಿನ ಭಾರ ಧಾತುಗಳು ನಿರೀಕ್ಷೆಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಬಣ್ಣ ನೋಡಿ ಇದನ್ನು ಹೇಳಲಾಗುತ್ತಿರಲಿಲ್ಲ.

ಆ ಕಾಲದ ಹೈಡ್ರೋಜನ್ನಿನ 1420 ಮೆಗಾಹರ್ಟ್ಸ್ ಅಲೆ ಈಗ ಎಲ್ಲಿಗೆ ಇಳಿದಿರಬೇಕು? 1420.4ನ್ನು 15.18ರಿಂದ ಭಾಗಿಸಿ. 93.6. ಮುಂಬೈಯಲ್ಲಿ 93.5ರಲ್ಲಿ ಹಗಲೂ ರಾತ್ರಿ ಹಾಡು ಬರುತ್ತದೆ. ಮೊದಲ ಗೆಲಾಕ್ಸಿಗಳ ಕಾಲದ ಹೈಡ್ರೋಜನ್ ಪೂರ್ತಿ ಬಂದು ಕೂತಿರುವುದು ಎಫ್‌ಎಂ ಪಟ್ಟಿಯಲ್ಲಿ ಮತ್ತು ಅದರ ತುಸು ಕೆಳಗೆ. ಇದನ್ನು ಹುಡುಕುವವರು ಊರು ಬಿಟ್ಟು ಓಡಲೇಬೇಕು. ರಾಮನ್ ಸಂಶೋಧನಾ ಸಂಸ್ಥೆಯವರು ಓಡಿದ್ದು ಕರ್ನಾಟಕದ ಒಳನಾಡಿಗೆ. 2020ರ ಆರಂಭದಲ್ಲಿ ‘ಸಾರಸ್-3’ ಎಂಬ ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಬಳಿಕ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೆಲದ ಮೇಲಾದರೆ ಕೆಳಗಿನ ಮಣ್ಣಿನ ಪದರಗಳು ಅಳತೆಯನ್ನು ಕಲಕುತ್ತವೆ, ನೀರು ಎಲ್ಲೆಡೆ ಒಂದೇ ಸಮ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಿಂದ ಅಮೆರಿಕದ ತಂಡವೊಂದು 78 ಮೆಗಾಹರ್ಟ್ಸ್‌ನಲ್ಲಿ ಮೊದಲ ನಕ್ಷತ್ರಗಳ ಸುಳಿವು ಸಿಕ್ಕಿತೆಂದು ಘೋಷಿಸಿತ್ತು. ಆ ಸುಳಿವು ಆಕಾಶದ್ದಲ್ಲ ಎಂದು ಸಾರಸ್ ತಂಡ 2022ರಲ್ಲಿ ಶೇ. 95.3 ಭರವಸೆಯೊಂದಿಗೆ ತಳ್ಳಿಹಾಕಿತು. ಇಲ್ಲಿ ಹುಡುಕುತ್ತಿದ್ದುದು ಹೊಳೆಯುವ ಗೆರೆಯಲ್ಲ, ಅದೇ ಗೆರೆ ಹೀರಿಕೊಂಡು ಉಂಟಾದ ತಗ್ಗು. ಆದರೆ ಪರಮಾಣು ಅದೇ, ಲೆಕ್ಕವೂ ಅದೇ.

ಇಲ್ಲೊಂದು ನ್ಯಾಯದ ಪ್ರಶ್ನೆ ಇದೆ. 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದೆಂದು ಜಗತ್ತಿನ ದೇಶಗಳು ಒಪ್ಪಿಕೊಂಡಿವೆ. ಒಳ್ಳೆಯದೇ. ಆದರೆ ಅದು ಹತ್ತಿರದ ಹೈಡ್ರೋಜನ್ನಿಗೆ ಮಾತ್ರ ಸಿಕ್ಕ ರಕ್ಷಣೆ. ದೂರದ್ದೆಲ್ಲ ಟಿವಿ, ಮೊಬೈಲು, ಎಫ್‌ಎಂಗಳ ಜಾಗದಲ್ಲೇ ಬಂದಿಳಿಯುತ್ತದೆ. ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯ ಒಂದು ಅಡಿಟಿಪ್ಪಣಿ ಭಾರತದಲ್ಲಿ 608ರಿಂದ 614 ಮೆಗಾಹರ್ಟ್ಸ್ ಪಟ್ಟಿಯನ್ನು ರೇಡಿಯೊ ಖಗೋಳಕ್ಕೂ ಕೊಟ್ಟಿದೆ. ಕಲ್ಯಾಣದ 610 ಇರುವುದು ಅದರ ಒಳಗೇ. ಅದರ ನೆರೆಯ 600 ಮೆಗಾಹರ್ಟ್ಸ್ ಪಟ್ಟಿ 2022ರ ಹರಾಜಿಗೆ ಬಂದಿತ್ತು, ಕೊಳ್ಳುವವರು ಸಿಗಲಿಲ್ಲ. ಮುಂದೆ ಸಿಕ್ಕಾರು. ಇತ್ತ ಪುಣೆ-ನಾಸಿಕ್ ವೇಗದ ರೈಲಿನ ದಾರಿಯನ್ನು ಜಿಎಂಆರ್‌ಟಿಗೆ ಅಡ್ಡಿಯಾಗುತ್ತದೆಂದು ಬದಲಿಸುವ ನಿರ್ಧಾರವಾದಾಗ ಖೋಡದ್ ಇರುವ ಜುನ್ನರ್ ತಾಲೂಕಿನವರು ಸಿಟ್ಟಾದರು. ಅವರ ಸಿಟ್ಟು ಅರ್ಥವಾಗುವಂಥದ್ದು. ದೇಶದ ದೂರದರ್ಶಕಕ್ಕಾಗಿ ರೈಲು ಬಿಟ್ಟುಕೊಡುವವರು ಒಂದೇ ತಾಲೂಕಿನವರಾಗಬಾರದು, ಅವರಿಗೆ ಬೇರೆ ರೀತಿಯಲ್ಲಿ ಸಲ್ಲಬೇಕಾದ್ದು ಸಲ್ಲಬೇಕು. ಆದರೆ ದೂರದರ್ಶಕವನ್ನೇ ಎತ್ತಿಕೊಂಡು ಹೋಗಿ ಎನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಸುತ್ತಲೂ ಬೆಟ್ಟಗಳ ಮರೆಯಿರುವ, ಗದ್ದಲ ಕಡಿಮೆಯಿರುವ ಅಂಥ ಇನ್ನೊಂದು ಜಾಗ ಸುಲಭದಲ್ಲಿ ಸಿಗುವುದಿಲ್ಲ. ಕಲ್ಯಾಣದಲ್ಲಿ ಇವತ್ತು 32 ತಟ್ಟೆ ನಿಲ್ಲಿಸಿದರೆ ಅವಕ್ಕೆ ಕೇಳಿಸುವುದು ನಮ್ಮದೇ ಸದ್ದು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಯ ಕನ್ನಡ ಸಂಘಗಳಿಗೆ ಒಂದು ವಿನಂತಿ. ರಾಜ್ಯೋತ್ಸವ, ಯಕ್ಷಗಾನ, ನಾಟಕಗಳಿಗೆ ನೀವು ಮಾಡುವ ಏರ್ಪಾಡನ್ನು ನಾನು ಬಲ್ಲೆ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅದರ ಆಸುಪಾಸಿನಲ್ಲಿ ಖೋಡದಿನಲ್ಲಿ ಸಾರ್ವಜನಿಕರಿಗೆ ಪ್ರದರ್ಶನ ಇಡುವ ರೂಢಿ ಇದೆ. ಮುಂಚಿತವಾಗಿ ವಿಚಾರಿಸಿಕೊಂಡು, ಶಾಲೆಯ ಮಕ್ಕಳನ್ನು ತುಂಬಿಕೊಂಡು ಮಾಳಶೇಜ್ ದಾರಿಯಲ್ಲಿ ಒಂದು ಬಸ್ಸು ಹೊರಡಿಸಿ. ಹೋಗುವ ಮುನ್ನ ಮಕ್ಕಳಿಂದ 1420ನ್ನು 610ರಿಂದ ಒಮ್ಮೆ ಭಾಗಾಕಾರ ಮಾಡಿಸಿ. ಒಳಗೆ ಕಾಲಿಡುವಾಗ ಎಲ್ಲರ ಮೊಬೈಲೂ ಆಫ್ ಆಗಿರಲಿ.